ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಫಿಲ್ಟರ್: ಹಳೆ ಸೀಲ್ ಒಳಗೇ ಉಳಿದಿತ್ತು

ಚಿಕ್ಕಬಳ್ಳಾಪುರದ ಚಳಿಯ ಬೆಳಗ್ಗೆ 'ಡಿ'ಗೆ (ಮುಂದೆ ಓಡಿಸುವ ಡ್ರೈವ್ ಗೇರ್) ಹಾಕಿದರೆ ಕಾರು ಮೂರು ಸೆಕೆಂಡ್ ಸುಮ್ನೆ ನಿಂತು, ಆಮೇಲೆ ಧಡ್ ಅಂತ ಎಳೆಯುತ್ತಿತ್ತು. ನಿಲ್ಲಿಸಿದ ಕಡೆ ಕೆಂಪು ಎಣ್ಣೆಯ ಹನಿ.

ಟಾಪ್‌ಅಪ್ ಮಾಡಿದೆ, ಎರಡು ವಾರ ಬಂತು. ಗೇರ್‌ಬಾಕ್ಸ್ ತಳದ ಎಣ್ಣೆ ತಟ್ಟೆಯ, ಅಂದರೆ ಪ್ಯಾನಿನ, ಬೋಲ್ಟ್ ಬಿಗಿ ಮಾಡಿದೆ, ಅದರ ಅಂಚೇ ಬಾಗಿ ಸೋರಿಕೆ ಜಾಸ್ತಿಯಾಯಿತು. ಸಿಲಿಕೋನ್ ಬಳಿದದ್ದಂತೂ ದಂಡ. ಫಿಲ್ಟರ್ ಬದಲಿಸಿದರೂ ಅದೇ ಕಥೆ.

ಮತ್ತೆ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದೆ. ಫಿಲ್ಟರಿನ ಕೊಳವೆ ಕೂರುವ ತೂತಿನಲ್ಲಿ ಹಳೆ ಸೀಲ್ ಹಾಗೇ ಅಂಟಿತ್ತು. ಹೊಸದು ಸರಿಯಾಗಿ ಕೂರದೆ ಪಂಪ್ ಗಾಳಿ ಎಳೆಯುತ್ತಿತ್ತು. ಪ್ಲಾಸ್ಟಿಕ್ ಕಡ್ಡಿಯಿಂದ ಎಬ್ಬಿಸಿದೆ. ಸ್ಕ್ರೂಡ್ರೈವರ್ ಬೇಡ, ಅಲ್ಯೂಮಿನಿಯಂ ಗೀಚಿಹೋಗುತ್ತದೆ. ಹೊಸ ಸೀಲಿಗೆ ಈ ಗೇರ್‌ಬಾಕ್ಸಿಗೆ ಹಾಕುವ ಎಣ್ಣೆಯನ್ನೇ ಸವರಿ ಫಿಲ್ಟರ್ ಪೂರ್ತಿ ಒತ್ತಿದೆ. ಹೊಸ ಪ್ಯಾನಿಗೆ ಹಳೆಯದರಲ್ಲಿದ್ದ, ಲೋಹದ ಪುಡಿ ಹಿಡಿಯುವ ಅಯಸ್ಕಾಂತ ಒರೆಸಿ ಹಾಕಿದೆ. ಪ್ಯಾನಿನ ಅಂಚಿಗೆ ಕೂರುವ ಗ್ಯಾಸ್ಕೆಟ್‌ಗೆ ಏನೂ ಬಳಿಯಬೇಡಿ, ಒಣದಾಗೇ ಇರಲಿ. ಬೋಲ್ಟ್‌ಗಳು ಮೊದಲು ಬೆರಳಲ್ಲಿ, ಆಮೇಲೆ ಎದುರುಬದುರಾಗಿ 5, ಕೊನೆಗೆ 10 ನ್ಯೂಟನ್ ಮೀಟರ್. ಇದು ನನ್ನ ಕಾರಿನ ಮ್ಯಾನ್ಯುಯಲ್ ಲೆಕ್ಕ, ನಿಮ್ಮದು ನೋಡಿಕೊಳ್ಳಿ.

ಇಳಿಸಿದ ಎಣ್ಣೆ ಅಳೆದು ಅಷ್ಟೇ, 4 ಲೀಟರ್ ಹಾಕಿದೆ. ಬ್ರೇಕ್ ಒತ್ತಿ ಪ್ರತಿ ಗೇರಲ್ಲಿ 5 ಸೆಕೆಂಡ್ ಇಟ್ಟೆ. ಬಿಸಿ ಎಂಜಿನ್ ಓಡುತ್ತಿರುವಾಗಲೇ ಗೇರ್‌ಬಾಕ್ಸಿನ ಡಿಪ್‌ಸ್ಟಿಕ್ (ಎಣ್ಣೆ ಮಟ್ಟ ಅಳೆಯುವ ಕಡ್ಡಿ) ನೋಡಿ ಇನ್ನರ್ಧ ಲೀಟರ್ ಸೇರಿಸಿದೆ. ಈಗ 'ಡಿ' ತಕ್ಷಣ ಹಿಡಿಯುತ್ತದೆ. ನಂದಿ ಬೆಟ್ಟ ಹತ್ತಿಳಿದು ಬಂದರೂ ಅಡಿಯಲ್ಲಿಟ್ಟ ರಟ್ಟು ಒಣಗಿಯೇ ಇತ್ತು.