ನಲವತ್ತು ದಾಟಿದ ಮೇಲೆ ಟಿಟಿ ಕಲಿಯೋದು

ನಾನು ಮೊದಲ ಸಲ ಟಿಟಿ, ಅಂದರೆ ಟೇಬಲ್ ಟೆನಿಸ್, ಬ್ಯಾಟ್ ಹಿಡಿದಾಗ ನನಗೆ 46. ಹಾಸನದಲ್ಲಿ ಬ್ಯಾಂಕ್ ಕೆಲಸ, ಸಂಜೆ ಆರೂವರೆ ಮೇಲೆ ಬಿಡುವು. ಮನೆ ಹತ್ತಿರದ ಕ್ಲಬ್ಬಿನಲ್ಲಿ ಒಂದು ಟೇಬಲ್ ಇತ್ತು. ಅರ್ಧ ಟೇಬಲ್ ಮೇಲೆ ಹಳೇ ಪೇಪರಿನ ಕಟ್ಟು, ಪಕ್ಕದಲ್ಲಿ ಇಸ್ಪೀಟಿನವರು. ಆವತ್ತು ನನ್ನ ಎದುರು ನಿಂತವರು ರಿಟೈರ್ ಆದ ಮೇಷ್ಟ್ರು, 68 ವರ್ಷ. ನಿಂತ ಜಾಗ ಬಿಟ್ಟು ಎರಡು ಹೆಜ್ಜೆ ಆಚೀಚೆ ಹೋಗಲಿಲ್ಲ, ಒಂದು ಸ್ಮ್ಯಾಶ್ ಹೊಡೆಯಲಿಲ್ಲ. ಆದರೂ 11–1. ಆ ಒಂದು ಪಾಯಿಂಟ್ ಕೂಡ ಅವರ ಸರ್ವಿಸ್ ತಪ್ಪಿ ಬಂದದ್ದು. ನಾನು ಮುಟ್ಟಿದ ಚೆಂಡೆಲ್ಲ ನೇರ ನೆಟ್ಟಿಗೆ. ಬ್ಯಾಟ್ ಸರಿಯಿಲ್ಲ ಅಂದೆ. ಮೇಷ್ಟ್ರು ನಗುತ್ತಾ ತಮ್ಮ ಬ್ಯಾಟನ್ನೇ ಕೊಟ್ಟರು. ಮತ್ತೆ ನೆಟ್ಟಿಗೆ.

ಹೊಸಬರಲ್ಲಿ ಎಷ್ಟೋ ಜನ ಇಲ್ಲೇ ಬೇಸರವಾಗಿ ಬಿಟ್ಟುಬಿಡುತ್ತಾರೆ. ನಾನೂ ಬಿಡುವವಳೇ ಇದ್ದೆ. ಬಿಡದೆ ಕಲಿತದ್ದು ಇಷ್ಟು.

ಮೊದಲು ಬ್ಯಾಟ್. ಎರಡು ಬ್ಯಾಟ್, ಮೂರು ಚೆಂಡು, ಒಂದು ನೆಟ್ ಸೇರಿಸಿ ಮಾರುವ ಅಗ್ಗದ ಸೆಟ್ ಬೇಡ. ಅದರ ರಬ್ಬರ್ ಹಲಗೆಯಂತೆ ಇರುತ್ತದೆ, ಚೆಂಡನ್ನು ಹಿಡಿಯೋದೇ ಇಲ್ಲ. ನಾನು ಸಾವಿರದ ಇನ್ನೂರಕ್ಕೆ ರೆಡಿಮೇಡ್ ಬ್ಯಾಟ್ ಒಂದನ್ನು ಕೊಂಡೆ, ಇವತ್ತಿಗೂ ಸಾಕು. ಅಂಗಡಿಯಲ್ಲಿ ಚೆಂಡನ್ನು ರಬ್ಬರಿನ ಮೇಲೆ ಒತ್ತಿ ಎಳೆದು ನೋಡಿ. ಜಾರದೆ ತಡೆದರೆ ಒಳ್ಳೇದು. ಆಡಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಕವರಿನಲ್ಲಿ ಇಡಿ. ಸ್ಕೂಟರ್ ಡಿಕ್ಕಿಯಲ್ಲಿ ಮಾತ್ರ ಬಿಡಬೇಡಿ. ಏಪ್ರಿಲ್ ಬಿಸಿಲಿಗೆ ನನ್ನ ಬ್ಯಾಟಿನ ಒಂದು ಕಡೆ ರಬ್ಬರ್ ಅಂಚಿನಲ್ಲಿ ಎದ್ದು ಬಂದಿತ್ತು.

ಟೇಬಲ್ ಅಳತೆಯ ತಲೆಬಿಸಿ ಬೇಡ, ಅದು ಇದ್ದಂತೆ ಇರುತ್ತದೆ. ನೆಟ್ ಮಾತ್ರ ನೋಡಿಕೊಳ್ಳಿ. ಎತ್ತರ 15.25 ಸೆಂ.ಮೀ. ಇರಬೇಕು. ಬ್ಯಾಟಿನ ಅಗಲವೂ ಹೆಚ್ಚುಕಡಿಮೆ ಅಷ್ಟೇ, ಅಡ್ಡ ಹಿಡಿದರೆ ಗೊತ್ತಾಗುತ್ತದೆ. ಮಧ್ಯದಲ್ಲಿ ಜೋತುಬಿದ್ದಿದ್ದರೆ ದಾರ ಎಳೆದು ಕಟ್ಟಿ. ಇನ್ನೊಂದು, ಫ್ಯಾನ್ ಆಫ್ ಮಾಡಿಸಿ. ಚೆಂಡಿನ ತೂಕ ಬರೀ 2.7 ಗ್ರಾಂ, ಗಾಳಿ ಬಂದ ಕಡೆ ಹೋಗಿಬಿಡುತ್ತದೆ. ನಮ್ಮಲ್ಲಿ ಬೇಸಿಗೆಯಲ್ಲಿ ಇಸ್ಪೀಟಿನವರಿಗೂ ನಮಗೂ ಜಗಳ ಆಗೋದು ಇದೊಂದಕ್ಕೇ.

ಹಿಡಿತ ಸುಲಭ. ಯಾರಿಗೋ ಕೈಕುಲುಕುವ ಹಾಗೆ ಬ್ಯಾಟಿನ ಹಿಡಿಯನ್ನು ಹಿಡಿಯಿರಿ, ತೋರುಬೆರಳು ಹಿಂದಿನ ರಬ್ಬರಿನ ಕೆಳ ಅಂಚಿಗೆ ಮಲಗಿರಲಿ. ಬಿಗಿಯಾಗಿ ಹಿಡಿಯಬೇಡಿ. ಮೊದಲ ವಾರ ನನ್ನ ಮೊಣಕೈ ನೋವಿಗೆ ಕಾರಣ ಆಟವಲ್ಲ, ಆ ಬಿಗಿ. ಮಂಡಿ ಸ್ವಲ್ಪ ಬಗ್ಗಿರಲಿ. ಟೇಬಲ್ಲಿಗೆ ಅಂಟಿಕೊಂಡು ನಿಲ್ಲದೆ ಒಂದು ಕೈ ಅಳತೆ ಹಿಂದೆ ಇರಿ.

ಈಗ ಮೇಷ್ಟ್ರ ಗುಟ್ಟು. ಒಂದು ವಾರ ಸೋತ ಮೇಲೆ ಅವರೇ ಹೇಳಿದರು: “ನೋಡಮ್ಮ, ಬರೀ ಚೆಂಡು ನೋಡ್ಬೇಡ. ಚೆಂಡಿಗೆ ತಾಗೋವಾಗ ನನ್ನ ಬ್ಯಾಟ್ ಯಾವ ಕಡೆ ಹೋಯ್ತು ಅಂತ ನೋಡು.”

ಅಷ್ಟೇ. ಅವರ ಬ್ಯಾಟ್ ಮೇಲಿನಿಂದ ಕೆಳಕ್ಕೆ ಇಳಿದು ಚೆಂಡಿನ ಅಡಿಯನ್ನು ಸವರಿದರೆ ಅದು ಕಟ್. ಚೆಂಡು ಹಿಮ್ಮುಖ ತಿರುಗುತ್ತಾ ಬರುತ್ತದೆ. ನೀವು ಬ್ಯಾಟನ್ನು ನೆಟ್ಟಗೆ ಹಿಡಿದು ಮುಟ್ಟಿದರೆ ಕೆಳಕ್ಕೆ ಜಾರಿ ನೆಟ್ಟಿಗೆ ಬೀಳುತ್ತದೆ. ನನಗೆ ಆಗುತ್ತಿದ್ದದ್ದು ಇದೇ. ಬ್ಯಾಟ್ ಕೆಳಗಿನಿಂದ ಮೇಲಕ್ಕೆ ಉಜ್ಜಿಕೊಂಡು ಹೋದರೆ ಟಾಪ್‌ಸ್ಪಿನ್. ಅದು ನಿಮ್ಮ ಬ್ಯಾಟಿಗೆ ತಾಗಿದ್ದೇ ಮೇಲಕ್ಕೆ ಹಾರಿ ಟೇಬಲ್ ದಾಟಿ ಹೋಗುತ್ತದೆ.

ಕಟ್ ಬಂದರೆ ಬ್ಯಾಟಿನ ಮುಖ ಸ್ವಲ್ಪ ಸೂರಿನ ಕಡೆ ತಿರುಗಿಸಿ. ಕಾವಲಿ ಮೇಲೆ ದೋಸೆಯ ಅಡಿಗೆ ಮಗುಚೋ ಕೈ ತೂರಿಸುತ್ತೇವಲ್ಲ, ಹಾಗೆ ಚೆಂಡಿನ ಅಡಿಗೆ ಬ್ಯಾಟನ್ನು ಮೆಲ್ಲಗೆ ಮುಂದಕ್ಕೆ ತಳ್ಳಿ. ಹೊಡೆಯಬಾರದು, ತಳ್ಳಬೇಕು. ಟಾಪ್‌ಸ್ಪಿನ್ ಬಂದರೆ ಉಲ್ಟಾ. ಮುಖ ಟೇಬಲ್ ಕಡೆ ಬಗ್ಗಿಸಿ, ಕೈ ಬೀಸದೆ ಸುಮ್ನೆ ಅಡ್ಡ ಹಿಡಿಯಿರಿ. ಚೆಂಡು ತಾನೇ ವಾಪಸ್ ಹೋಗುತ್ತದೆ. ಗೊತ್ತಾಗದಿದ್ದರೆ ಚೆಂಡಿನ ಮೇಲೆ ಅಚ್ಚಾದ ಕಂಪನಿ ಹೆಸರು ನೋಡಿ. ಅಚ್ಚು ಕಂಡರೆ ತಿರುಗು ಕಮ್ಮಿ, ಕಲಸಿಹೋಗಿದ್ದರೆ ಜಾಸ್ತಿ.

ಇದನ್ನು ಮನೆಯಲ್ಲಿ ಒಬ್ಬರೇ ಕಲಿಯಬಹುದು. ಹಾಲ್‌ನಲ್ಲಿ ನಿಂತು ಚೆಂಡು ಮೇಲಕ್ಕೆ ಎಸೆಯಿರಿ, ಇಳಿಯುವಾಗ ಅಡಿಯನ್ನು ಸವರಿ ಮುಂದಕ್ಕೆ ಬಿಡಿ. ನೆಲಕ್ಕೆ ಬಿದ್ದು ಮುಂದೆ ಓಡಿದರೆ ಇನ್ನೂ ಆಗಿಲ್ಲ. ಕುಪ್ಪಳಿಸಿ, ನಿಂತು, ನಿಮ್ಮ ಕಡೆಗೇ ಉರುಳಿ ಬಂದರೆ ಕಟ್ ಬಿದ್ದಿದೆ. ನನಗೆ ಇದಕ್ಕೆ ಹದಿನೆಂಟು ದಿನ ಹಿಡಿಯಿತು. ರಾತ್ರಿ ಹತ್ತಕ್ಕೆ ಟಕ್ ಟಕ್ ಅಂತ ಕೆಳಗಿನ ಮನೆಯವರು ಬಂದು ವಿಚಾರಿಸಿಕೊಂಡು ಹೋದರು.

ಬ್ಯಾಟಿಗೆ ಎರಡು ಬಣ್ಣ ಇರೋದಕ್ಕೂ ಈ ತಿರುಗು, ಅಂದರೆ ಸ್ಪಿನ್ನೇ ಕಾರಣ. ಎರಡು ಕಡೆಗೂ ಬೇರೆ ಬೇರೆ ಗುಣದ ರಬ್ಬರ್ ಹಾಕಿ, ಬಣ್ಣ ಒಂದೇ ಇಟ್ಟು, ಎದುರಾಳಿಯನ್ನು ಏಮಾರಿಸುತ್ತಿದ್ದರು. 1986ರಿಂದ ಒಂದು ಕಡೆ ಕೆಂಪು, ಇನ್ನೊಂದು ಕಡೆ ಕಪ್ಪು ಕಡ್ಡಾಯವಾಯಿತು. 2021ರಿಂದ ಕೆಂಪಿನ ಬದಲು ಬೇರೆ ಕೆಲವು ಬಣ್ಣಗಳಿಗೂ ಒಪ್ಪಿಗೆ ಇದೆ. ನಮ್ಮ ದೇಶದ ಆಟಗಾರ್ತಿ ಮಣಿಕಾ ಬಾತ್ರಾ ಒಂದು ಕಡೆ ಉದ್ದ ಮುಳ್ಳಿನ ರಬ್ಬರ್ ಬಳಸುತ್ತಾರೆ. ಅದಕ್ಕೆ ತಾಗಿದರೆ ನೀವು ಕೊಟ್ಟ ಸ್ಪಿನ್ ನಿಮಗೇ ತಿರುಗಿ ಬರುತ್ತದೆ. ಕಲಿಯುವವರಿಗೆ ಅದು ಬೇಡ, ಎರಡು ಕಡೆಯೂ ನಯವಾದ ರಬ್ಬರೇ ಇರಲಿ.

ಸರ್ವಿಸ್ ವಿಷಯದಲ್ಲಿ ಕ್ಲಬ್ಬುಗಳಲ್ಲಿ ಎಲ್ಲರೂ ಕಳ್ಳರೇ. ಚೆಂಡು ತೆರೆದ ಅಂಗೈ ಮೇಲೆ ಕಾಣುವಂತೆ ಇರಬೇಕು, ಕನಿಷ್ಠ 16 ಸೆಂ.ಮೀ. ಮೇಲಕ್ಕೆ ಹೋಗಬೇಕು, ಇಳಿಯುವಾಗಲೇ ಹೊಡೆಯಬೇಕು. ಅದೂ ಟೇಬಲ್ ಅಂಚಿನ ಹಿಂದಿನಿಂದ. ಮೊದಲು ನಿಮ್ಮ ಕಡೆ ಒಂದು ಪುಟ, ಆಮೇಲೆ ಅವರ ಕಡೆ. ನೆಟ್ಟಿಗೆ ಸವರಿ ಸರಿಯಾಗಿ ಬಿದ್ದರೆ ಮತ್ತೆ ಹಾಕಿ, ಎಷ್ಟು ಸಲ ಆದರೂ. ಇಬ್ಬರಿಗೂ ಎರಡೆರಡು ಸರ್ವಿಸ್, 10–10 ಆದರೆ ಒಂದೊಂದು, ಎರಡು ಪಾಯಿಂಟ್ ಮುಂದೆ ಹೋದವರು ಗೆದ್ದರು. ಹಳಬರು ಆಟ 11ಕ್ಕಲ್ಲ, 21 ಪಾಯಿಂಟಿಗೆ, ಐದೈದು ಸರ್ವಿಸ್ ಅಂತ ಹಟ ಹಿಡಿಯಬಹುದು. 2001ರವರೆಗೆ ಅದೇ ನಿಯಮ ಇತ್ತು, ಪಾಪ. ಡಬಲ್ಸ್‌ನಲ್ಲಿ ಮಾತ್ರ ಬಲ ಅರ್ಧದಿಂದ ಅವರ ಬಲ ಅರ್ಧಕ್ಕೆ ಓರೆಯಾಗಿ ಹಾಕಬೇಕು, ಜೊತೆಗಾರರು ಒಬ್ಬರಾದ ಮೇಲೆ ಒಬ್ಬರು ಹೊಡೆಯಬೇಕು.

ಜಗಳ ತಪ್ಪಿಸಲು ಇನ್ನು ಮೂರು ಮಾತು. ಟೇಬಲ್ಲಿನ ಮೇಲಂಚಿಗೆ ತಾಗಿದರೆ ಒಳಗೆ, ಪಕ್ಕದ ಹಲಗೆಗೆ ತಾಗಿದರೆ ಹೊರಗೆ. ಬ್ಯಾಟ್ ಹಿಡಿದ ಕೈಯ ಬೆರಳಿಗೆ ತಾಗಿ ಹೋದರೂ ಆಟವೇ. ಖಾಲಿ ಕೈ ಟೇಬಲ್ಲಿನ ಮೇಲ್ಮೈ ಮುಟ್ಟಿದರೆ ಪಾಯಿಂಟ್ ಹೋಯಿತು. ನಾನು ಇದರಲ್ಲಿ ಬಹಳ ಕಳೆದುಕೊಂಡಿದ್ದೇನೆ.

ಹೆಣ್ಣುಮಕ್ಕಳಿಗೆ ಒಂದು ಮಾತು. ಚೂಡಿದಾರ್ ಸಾಕು, ದುಪಟ್ಟಾ ಸೊಂಟಕ್ಕೆ ಕಟ್ಟಿ ಅಥವಾ ಕುರ್ಚಿ ಮೇಲೆ ಇಡಿ. ಬಳೆ ತೆಗೆಯಿರಿ. ಚಪ್ಪಲಿ ಬೇಡ, ನುಣುಪು ನೆಲದಲ್ಲಿ ಬರೀ ಸಾಕ್ಸೂ ಬೇಡ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ಹೆಂಗಸರ ತಂಡ ಕ್ವಾರ್ಟರ್‌ಫೈನಲ್ ಆಡಿತಲ್ಲ, ಜರ್ಮನಿ ಎದುರು ನಮಗೆ ಸಿಕ್ಕ ಒಂದೇ ಗೆಲುವು ಬೆಂಗಳೂರಿನ ಅರ್ಚನಾ ಕಾಮತ್ ಅವರದು. ಆವತ್ತಿನಿಂದ ಇಸ್ಪೀಟಿನವರೂ ಆಗಾಗ ತಲೆಯೆತ್ತಿ ನಮ್ಮ ಆಟ ನೋಡುತ್ತಾರೆ.

ಮೇಷ್ಟ್ರ ಹತ್ತಿರ ನಾನು ಈಗ 11–8, 11–9ಕ್ಕೆ ಸೋಲುತ್ತೇನೆ. ನನಗೆ ಕಟ್ ಕಾಣುತ್ತದೆ ಅಂತ ಗೊತ್ತಾದ ಮೇಲೆ ಅವರು ಬ್ಯಾಟನ್ನು ಪಕ್ಕಕ್ಕೆ ಎಳೆದು ಹೊಸ ಸರ್ವಿಸ್ ಶುರುಮಾಡಿದ್ದಾರೆ. ನಾನು ಮುಟ್ಟಿದರೆ ಚೆಂಡು ಪಕ್ಕಕ್ಕೆ ಹಾರಿ ಕ್ಲಬ್ಬಿನ ಬೀರು ಕೆಳಗೇ ಹೋಗುತ್ತದೆ. ಅದನ್ನು ಎಳೆದು ತೆಗೆಯೋಕೆ ಒಂದು ಉದ್ದನೆಯ ಕಡ್ಡಿ ಪೊರಕೆ ಹತ್ತಿರ ಇಟ್ಟುಕೊಳ್ಳಿ.