ಅಮೆರಿಕದ ಕಾಲೇಜ್ ಸಾಕರ್‌ನಲ್ಲಿ ಹೆಡ್ ಕೋಚ್ ಆಗಬೇಕಾ? ಸಣ್ಣ ಕಾಲೇಜಿನಿಂದ ಶುರು ಮಾಡಿ

ಹೆಡ್ ಕೋಚ್ ಆಗುವ ಆಸೆ ಹುಟ್ಟಿದ ತಕ್ಷಣ ಎಲ್ಲರೂ ಮಾಡುವ ಕೆಲಸ ಒಂದೇ, ಫಾರ್ಮೇಶನ್ (ಮೈದಾನದಲ್ಲಿ ಆಟಗಾರರನ್ನು ನಿಲ್ಲಿಸುವ ಕ್ರಮ) ಓದುವುದು. 4-3-3 ಒಳ್ಳೆಯದಾ, 3-5-2 ಒಳ್ಳೆಯದಾ ಅಂತ ಗಂಟೆಗಟ್ಟಲೆ ವಾದ. ಅದು ಬೇಡ ಅಂತಲ್ಲ. ಆದರೆ ಅಮೆರಿಕದ ಕಾಲೇಜ್ ಸಾಕರ್‌ನಲ್ಲಿ (ಅಲ್ಲಿ ಫುಟ್‌ಬಾಲ್ ಅಂದ್ರೆ ಬೇರೆ ಆಟ, ಹಾಗಾಗಿ ನಾವೂ ಸಾಕರ್ ಅಂತಲೇ ಕರೆಯೋಣ) ಗೆಲ್ಲುವ ಕೋಚ್‌ನ ವರ್ಷ ಕಳೆಯುವುದು ಬೋರ್ಡ್ ಮುಂದೆ ಅಲ್ಲ. ಫೋನಿನಲ್ಲಿ, ಕಾರಿನಲ್ಲಿ, ಹೈಸ್ಕೂಲ್ ಮಕ್ಕಳ ಟೂರ್ನಮೆಂಟ್ ನಡೆಯುವ ಮೈದಾನದ ಅಂಚಿನಲ್ಲಿ. ಯಾರನ್ನು ಕರೆತರಬೇಕು, ಬಂದವರನ್ನು ನಾಲ್ಕು ವರ್ಷ ಹೇಗೆ ಉಳಿಸಿಕೊಳ್ಳಬೇಕು, ಕೆಲಸ ಇಷ್ಟೇ. ಇದನ್ನು ಕಲಿಯಲು ಸಣ್ಣ ಕಾಲೇಜಿನಷ್ಟು ಒಳ್ಳೆಯ ಜಾಗ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಮೊದಲು ಕೆಲಸ ಎಲ್ಲೆಲ್ಲಿ ಇದೆ ನೋಡಿ. ಕಾಲೇಜ್ ಕ್ರೀಡೆ ನಡೆಸುವ ದೊಡ್ಡ ಸಂಸ್ಥೆ ಎನ್‌ಸಿಎಎ, ಅದರ ಅಡಿಯಲ್ಲಿ ಡಿವಿಷನ್ 1, 2, 3 ಅಂತ ಮೂರು ಹಂತ. ಅದರ ಹೊರಗೆ ಹೆಚ್ಚಾಗಿ ಸಣ್ಣ ಕಾಲೇಜುಗಳ ಎನ್‌ಎಐಎ, ಎರಡು ವರ್ಷದ ಜೂನಿಯರ್ ಕಾಲೇಜುಗಳ ಎನ್‌ಜೆಸಿಎಎ. ಡಿವಿಷನ್ 3ರಲ್ಲಿ ಆಟಕ್ಕಾಗಿ ಸ್ಕಾಲರ್‌ಶಿಪ್ ಕೊಡುವ ಹಾಗೇ ಇಲ್ಲ. ಹೆಚ್ಚಿನವರು ಡಿವಿಷನ್ 1 ಒಂದನ್ನೇ ನೋಡುತ್ತಾರೆ, ಅದೂ ಪುರುಷರ ತಂಡವನ್ನೇ. ಅದು ತಪ್ಪು ಲೆಕ್ಕ. ಡಿವಿಷನ್ 1ರಲ್ಲಿ ಪುರುಷರ ತಂಡಗಳು 200 ಚಿಲ್ಲರೆ ಇದ್ದರೆ ಮಹಿಳೆಯರ ತಂಡಗಳು 300 ದಾಟುತ್ತವೆ. ಕಾರಣ 1972ರ ಟೈಟಲ್ 9 ಕಾನೂನು. ಸರ್ಕಾರದ ಹಣ ಪಡೆಯುವ ಕಾಲೇಜು ಗಂಡು ಹೆಣ್ಣು ಅಂತ ಭೇದ ಮಾಡಬಾರದು ಅನ್ನುತ್ತದೆ ಅದು. ಅಮೆರಿಕನ್ ಫುಟ್‌ಬಾಲ್ ತಂಡ ಒಂದರಲ್ಲೇ ನೂರರ ಹತ್ತಿರ ಹುಡುಗರು ಇರುತ್ತಾರೆ, ಅದಕ್ಕೆ ಸರಿತೂಗಿಸಲು ಎಷ್ಟೋ ಕಾಲೇಜುಗಳು ಮಹಿಳಾ ಸಾಕರ್ ತಂಡ ಕಟ್ಟಿದವು. ಕೆಲಸ ಹುಡುಕುವಾಗ ಇದು ತಲೆಯಲ್ಲಿರಲಿ.

ಓದಿನ ವಿಷಯ ಬೇಗ ಮುಗಿಸೋಣ. ಡಿಗ್ರಿ ಬೇಕು, ಮಾಸ್ಟರ್ಸ್ ಇದ್ದರೆ ಒಳ್ಳೆಯದು. ಯಾವ ವಿಷಯ ಅನ್ನುವುದು ಅಷ್ಟೇನೂ ಮುಖ್ಯವಲ್ಲ. ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ಆನ್ಸನ್ ಡೊರೆನ್ಸ್ ಕಾನೂನು ಓದುತ್ತಿರುವಾಗಲೇ ಕೋಚ್ ಆದವರು. ಆಮೇಲೆ ಅವರ ಮಹಿಳಾ ತಂಡ ಗೆದ್ದ ಎನ್‌ಸಿಎಎ ಪ್ರಶಸ್ತಿಗಳು 21. ಲೈಸೆನ್ಸ್ ಮಾತ್ರ ತಪ್ಪಿಸಬೇಡಿ. ಅಮೆರಿಕದ ಸಾಕರ್ ಒಕ್ಕೂಟವಾದ ಯುಎಸ್ ಸಾಕರ್‌ನಲ್ಲಿ ಗ್ರಾಸ್‌ರೂಟ್ಸ್ ಅನ್ನುವ ಆರಂಭದ ಕೋರ್ಸ್‌ಗಳಿಂದ ಶುರುವಾಗಿ ಡಿ, ಸಿ, ಬಿ, ಎ ಅಂತ ಮೆಟ್ಟಿಲು ಹತ್ತಬೇಕು. ಯುನೈಟೆಡ್ ಸಾಕರ್ ಕೋಚಸ್ ಅನ್ನುವ ಸಂಘದ ಡಿಪ್ಲೊಮಾಗಳೂ ಇವೆ. ಆ ಸಂಘದ ಸಮಾವೇಶ ಪ್ರತಿ ಜನವರಿಯಲ್ಲಿ ನಡೆಯುತ್ತದೆ, ಸಾಧ್ಯವಾದರೆ ಹೋಗಿ. ಭಾಷಣ ಕೇಳುವುದಕ್ಕಲ್ಲ, ಕಾರಿಡಾರ್‌ನಲ್ಲಿ ನಿಂತು ಮಾತಾಡುವುದಕ್ಕೆ. ಯಾವ ಕಾಲೇಜಿನಲ್ಲಿ ಅಸಿಸ್ಟೆಂಟ್ ಬಿಡುತ್ತಿದ್ದಾರೆ ಅನ್ನುವ ಸುದ್ದಿ ಜಾಹೀರಾತಿಗಿಂತ ಮುಂಚೆ ಅಲ್ಲೇ ಓಡಾಡುತ್ತದೆ.

ಒಳಗೆ ಹೋಗುವ ಬಾಗಿಲು ಸಾಮಾನ್ಯವಾಗಿ ಗ್ರಾಜುಯೇಟ್ ಅಸಿಸ್ಟೆಂಟ್ ಹುದ್ದೆ. ಮಾಸ್ಟರ್ಸ್ ಫೀಸನ್ನು ಕಾಲೇಜು ನೋಡಿಕೊಳ್ಳುತ್ತದೆ, ಕೈಗೆ ಸಣ್ಣ ಮೊತ್ತ ಕೊಡುತ್ತದೆ, ಬದಲಿಗೆ ನಿಮ್ಮಿಂದ ಎಲ್ಲ ಕೆಲಸ ಮಾಡಿಸುತ್ತದೆ. ಕೋನ್ ಇಡುವುದು, ವಿಡಿಯೊ ಕತ್ತರಿಸುವುದು, ವ್ಯಾನ್ ಓಡಿಸುವುದು, ಎಲ್ಲವೂ. ಮೊದಲು ಡಿವಿಷನ್ 1ರಲ್ಲಿ ಸಂಬಳವೇ ಇಲ್ಲದ ವಾಲಂಟಿಯರ್ ಕೋಚ್ ಅನ್ನುವ ಹುದ್ದೆ ಇತ್ತು, 2023ರಲ್ಲಿ ಅದನ್ನು ತೆಗೆದುಹಾಕಿದರು. ಒಳ್ಳೆಯದೇ ಆಯಿತು ಬಿಡಿ. ಅಸಿಸ್ಟೆಂಟ್ ಆದ ಮೇಲೆ ಬಾಯಿ ಬಿಟ್ಟು ಒಂದು ಪೂರ್ತಿ ಜವಾಬ್ದಾರಿ ಕೇಳಿ. ಸೆಟ್ ಪೀಸ್ (ಕಾರ್ನರ್, ಫ್ರೀ ಕಿಕ್‌ಗಳ ಯೋಜನೆ) ಆಗಬಹುದು, ಒಂದು ರಾಜ್ಯದ ರಿಕ್ರೂಟಿಂಗ್, ಅಂದ್ರೆ ಆಟಗಾರರನ್ನು ಹುಡುಕಿ ಕರೆತರುವುದು ಆಗಬಹುದು. 2024ರ ಆಗಸ್ಟ್‌ನಲ್ಲಿ, ಸೀಸನ್ ಇನ್ನೇನು ಶುರುವಾಗಬೇಕು ಅನ್ನುವಾಗ ಡೊರೆನ್ಸ್ ನಿವೃತ್ತಿ ಹೇಳಿದರು. ಅಸಿಸ್ಟೆಂಟ್ ಆಗಿದ್ದ ಡೇಮನ್ ನಹಾಸ್ ಹಂಗಾಮಿಯಾಗಿ ತಂಡ ಹಿಡಿದು ಅದೇ ಡಿಸೆಂಬರ್‌ನಲ್ಲಿ ಪ್ರಶಸ್ತಿ ಗೆದ್ದರು, ಹುದ್ದೆ ಕಾಯಂ ಆಯಿತು. ಸುಮ್ನೆ ಕೋನ್ ಇಟ್ಟುಕೊಂಡು ಇದ್ದವರಿಗೆ ಇದು ಆಗುವ ಮಾತಲ್ಲ.

ಈಗ ಸಣ್ಣ ಕಾಲೇಜಿನ ವಿಷಯ. ದೊಡ್ಡ ಹೆಸರಿನ ಕಾಲೇಜಿನಲ್ಲಿ ಎರಡನೇ ಅಸಿಸ್ಟೆಂಟ್ ಆಗಿ ಹತ್ತು ವರ್ಷ ಕೂರುವುದಾ, ಯಾರಿಗೂ ಗೊತ್ತಿಲ್ಲದ ಕಾಲೇಜಿನಲ್ಲಿ ಹೆಡ್ ಕೋಚ್ ಆಗುವುದಾ ಅಂತ ಆಯ್ಕೆ ಬಂದರೆ ನಾನು ಎರಡನೆಯದನ್ನೇ ಹೇಳುತ್ತೇನೆ. ಇಂಗ್ಲೆಂಡ್ ಮೂಲದ ಜೆರೆಮಿ ಗನ್ ಅವರನ್ನು ನೋಡಿ. ಕೊಲರಾಡೋದ ಡುರಾಂಗೊ ಊರಿನ ಫೋರ್ಟ್ ಲೂಯಿಸ್ ಕಾಲೇಜಿನಲ್ಲಿ 2005ರಲ್ಲಿ ಡಿವಿಷನ್ 2 ಪ್ರಶಸ್ತಿ ಗೆದ್ದರು. ಆಮೇಲೆ ಷಾರ್ಲಟ್‌ಗೆ ಹೋಗಿ 2011ರಲ್ಲಿ ಆ ತಂಡವನ್ನು ಡಿವಿಷನ್ 1 ಫೈನಲ್‌ವರೆಗೆ ಒಯ್ದರು. ಅದಾದ ಮೇಲೆ ಸ್ಟ್ಯಾನ್‌ಫರ್ಡ್ ಕರೆಯಿತು, 2015, 2016, 2017 ಮೂರೂ ವರ್ಷ ಸಾಲಾಗಿ ಚಾಂಪಿಯನ್. ಬೆಕಿ ಬರ್ಲಿ ಅವರ ದಾರಿಯೂ ಹೀಗೇ. ಬೆರಿ ಕಾಲೇಜಿನಲ್ಲಿ 1990 ಮತ್ತು 1993ರಲ್ಲಿ ಎನ್‌ಎಐಎ ಪ್ರಶಸ್ತಿ, ನಂತರ ಫ್ಲೋರಿಡಾದಲ್ಲಿ ಶೂನ್ಯದಿಂದ ತಂಡ ಕಟ್ಟುವ ಕೆಲಸ. ಆ ತಂಡ ಮೊದಲ ಪಂದ್ಯ ಆಡಿದ್ದು 1995ರಲ್ಲಿ. 1998ರ ಫೈನಲ್‌ನಲ್ಲಿ ನಾರ್ತ್ ಕ್ಯಾರೊಲೈನಾವನ್ನೇ 1-0ಗೆ ಸೋಲಿಸಿತು.

ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ, ಮುಚ್ಚಿಡುವುದಿಲ್ಲ. ಮಾರ್ಗರೀಟ್ ಅಯೊಜಾಸಾ ಸ್ಟ್ಯಾನ್‌ಫರ್ಡ್‌ನ ಅಸಿಸ್ಟೆಂಟ್ ಹುದ್ದೆಯಿಂದ ನೇರವಾಗಿ ಯುಸಿಎಲ್‌ಎ ವಿಶ್ವವಿದ್ಯಾಲಯದ ಮಹಿಳಾ ತಂಡಕ್ಕೆ ಹೆಡ್ ಕೋಚ್ ಆಗಿ ಬಂದರು. ಮೊದಲ ಸೀಸನ್‌ನಲ್ಲೇ, ಅಂದ್ರೆ 2022ರಲ್ಲಿ, ಫೈನಲ್‌ನಲ್ಲಿ 2-0 ಹಿಂದೆ ಬಿದ್ದರೂ 3-2ಗೆ ಗೆದ್ದರು. ಆದರೆ ಅಂಥ ಕರೆ ಬರುವುದು ಅಪರೂಪ. ಅದನ್ನೇ ನಂಬಿ ಕೂರಬೇಡಿ.

ರಿಕ್ರೂಟಿಂಗ್‌ಗೆ ಬರೋಣ, ಇಲ್ಲೇ ಕೆಲಸ ಉಳಿಯುವುದು ಅಥವಾ ಹೋಗುವುದು. ಮೊದಲು ನಿಯಮ. ಡಿವಿಷನ್ 1ರಲ್ಲಿ ಹೈಸ್ಕೂಲಿನ ಎರಡನೇ ವರ್ಷ ಮುಗಿದ ಮೇಲೆ ಬರುವ ಜೂನ್ 15ಕ್ಕೆ ಮುಂಚೆ ನೀವು ಆಟಗಾರರ ಜೊತೆ ರಿಕ್ರೂಟಿಂಗ್ ಮಾತು ಆಡುವಂತಿಲ್ಲ. ಕಾಲೇಜಿಗೆ ಅಧಿಕೃತ ಭೇಟಿ ಆ ವರ್ಷದ ಆಗಸ್ಟ್ 1ರ ನಂತರ. ಅದಕ್ಕೆ ಮುಂಚೆ ನೋಡಬಹುದು, ಪಟ್ಟಿ ಮಾಡಬಹುದು, ಅಷ್ಟೇ. ಹಾಗಾಗಿ ಒಳ್ಳೆಯ ಕೋಚ್‌ಗಳ ಪಟ್ಟಿ ಜೂನ್ 14ರ ರಾತ್ರಿಯೇ ಸಿದ್ಧವಾಗಿರುತ್ತದೆ, ಮರುದಿನ ಯಾರಿಗೆ ಮೊದಲ ಕರೆ, ಯಾರಿಗೆ ಎರಡನೆಯದು ಅನ್ನುವುದೂ ಸೇರಿ.

ನೋಡುವಾಗ ಗೋಲ್ ಲೆಕ್ಕ ಹಾಕಬೇಡಿ. ಚೆಂಡು ಕಳೆದುಕೊಂಡ ಮೇಲಿನ ಐದು ಸೆಕೆಂಡ್ ನೋಡಿ. ತಲೆ ಕೆಳಗೆ ಹಾಕಿ ನಿಲ್ಲುತ್ತಾರಾ, ಬೆನ್ನಟ್ಟುತ್ತಾರಾ? ಕೋಚ್ ಹೊರಗೆ ಕರೆದಾಗ ಬೆಂಚಿನಲ್ಲಿ ಹೇಗೆ ಕೂರುತ್ತಾರೆ? ಪಂದ್ಯ ಸೋತ ಮೇಲೆ ಅಪ್ಪ ಅಮ್ಮನ ಹತ್ತಿರ ಹೇಗೆ ಮಾತಾಡುತ್ತಾರೆ? ಕೊನೆಯದು ಚಿಕ್ಕ ವಿಷಯ ಅನ್ನಿಸುತ್ತದೆ. ಆದರೆ ನಾಲ್ಕು ವರ್ಷ ಇವರ ಜೊತೆ ಬಸ್ಸಿನಲ್ಲಿ ಓಡಾಡಬೇಕಾದವರು ನೀವು, ಅಲ್ವಾ? ಬೇಸಿಗೆಯ ಐಡಿ ಕ್ಯಾಂಪ್‌ಗಳಿಂದ (ಫೀಸ್ ಕಟ್ಟಿ ಬರುವ ಹೈಸ್ಕೂಲ್ ಆಟಗಾರರನ್ನು ಕೋಚ್‌ಗಳು ಪರೀಕ್ಷಿಸುವ ಶಿಬಿರ) ನಿಮಗೂ ಅಸಿಸ್ಟೆಂಟ್‌ಗಳಿಗೂ ನಾಲ್ಕು ಕಾಸು ಬರುತ್ತದೆ, ಆಟಗಾರರನ್ನು ಹತ್ತಿರದಿಂದ ನೋಡುವ ಅವಕಾಶವೂ ಸಿಗುತ್ತದೆ. ಆದರೆ ಖಂಡಿತ ತೆಗೆದುಕೊಳ್ಳುವುದಿಲ್ಲ ಅಂತ ಗೊತ್ತಿರುವ ಮಗುವಿಗೆ ಆಸೆ ಹುಟ್ಟಿಸಿ ಫೀಸ್ ಕಟ್ಟಿಸಿಕೊಳ್ಳಬೇಡಿ. ಆ ಮಕ್ಕಳನ್ನು ಬೆಳೆಸುವ ಕ್ಲಬ್ ಕೋಚ್‌ಗಳು ಇಂಥದ್ದನ್ನು ಮರೆಯುವುದಿಲ್ಲ.

ಹಣದ ಲೆಕ್ಕ ಈಚೆಗೆ ಪೂರ್ತಿ ಬದಲಾಗಿದೆ. ಮೊದಲು ಡಿವಿಷನ್ 1ರಲ್ಲಿ ಪುರುಷರ ತಂಡಕ್ಕೆ 9.9, ಮಹಿಳೆಯರ ತಂಡಕ್ಕೆ 14 ಪೂರ್ತಿ ಸ್ಕಾಲರ್‌ಶಿಪ್‌ಗಳಷ್ಟು ಮಿತಿ ಇತ್ತು, ಅದನ್ನು ಇಡೀ ತಂಡಕ್ಕೆ ಚೂರು ಚೂರಾಗಿ ಹಂಚುವುದೇ ಒಂದು ಕಲೆಯಾಗಿತ್ತು. 2025ರಲ್ಲಿ ನ್ಯಾಯಾಲಯ ಒಪ್ಪಿದ ಹೌಸ್ ಒಪ್ಪಂದದ (ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ ಮೊಕದ್ದಮೆಯ ರಾಜಿ) ನಂತರ, ಅದಕ್ಕೆ ಸೇರಿದ ಕಾಲೇಜುಗಳಲ್ಲಿ ಆ ಮಿತಿ ಹೋಗಿ ತಂಡಕ್ಕೆ 28 ಜನ ಅನ್ನುವ ಮಿತಿ ಬಂದಿದೆ. ಕಾಗದದ ಮೇಲೆ 28 ಮಂದಿಗೂ ಪೂರ್ತಿ ಸ್ಕಾಲರ್‌ಶಿಪ್ ಕೊಡಬಹುದು. ಆದರೆ ಕಾಲೇಜಿನ ಕ್ರೀಡಾ ಹಣದ ದೊಡ್ಡ ಪಾಲು ಹೋಗುವುದು ಅಮೆರಿಕನ್ ಫುಟ್‌ಬಾಲ್‌ಗೆ, ಬ್ಯಾಸ್ಕೆಟ್‌ಬಾಲ್‌ಗೆ. ಇದರ ಮೇಲೆ 2018ರಲ್ಲಿ ಬಂದ ಟ್ರಾನ್ಸ್‌ಫರ್ ಪೋರ್ಟಲ್ ಬೇರೆ, ಅಂದ್ರೆ ಕಾಲೇಜು ಬದಲಿಸಲು ಬಯಸುವ ಆಟಗಾರರ ಹೆಸರಿರುವ ಪಟ್ಟಿ. ಬೆಂಚಿನಲ್ಲಿ ಕೂತ ಹುಡುಗಿಗೆ ನೀವು ಎರಡು ತಿಂಗಳು ಕಾರಣ ಹೇಳದಿದ್ದರೆ ಅವಳ ಹೆಸರು ಪೋರ್ಟಲ್‌ನಲ್ಲಿ ಕಾಣಿಸುತ್ತದೆ. ಹಾಗಾಗಿ ಪ್ರತಿ ಆಟಗಾರ್ತಿಯ ಜೊತೆ ಒಬ್ಬೊಬ್ಬರಾಗಿ ಕೂತು ಮಾತಾಡುವ ಸಮಯವನ್ನು ಕ್ಯಾಲೆಂಡರ್‌ನಲ್ಲಿ ಮೊದಲೇ ಹಾಕಿಡಿ.

ತರಬೇತಿಗೆ ಬರುವಾಗ ನೆನಪಿಡಬೇಕಾದದ್ದು, ಸೀಸನ್‌ನಲ್ಲಿ ವಾರಕ್ಕೆ 20 ಗಂಟೆ ಮಾತ್ರ, ಒಂದು ದಿನ ರಜೆ ಕಡ್ಡಾಯ. ಸೀಸನ್ ಆಗಸ್ಟ್‌ನಲ್ಲಿ ಶುರುವಾಗಿ ಡಿಸೆಂಬರ್‌ನ ಕಾಲೇಜ್ ಕಪ್‌ಗೆ (ಪ್ರಶಸ್ತಿಯ ಸೆಮಿಫೈನಲ್, ಫೈನಲ್) ಮುಗಿಯುತ್ತದೆ, ಬಹಳಷ್ಟು ವಾರ ಎರಡೆರಡು ಪಂದ್ಯ. ಇಲ್ಲಿ ಹೊರಗೆ ಹೋದ ಆಟಗಾರ ಮತ್ತೆ ಒಳಗೆ ಬರಬಹುದು, ಹಾಗಾಗಿ ಹದಿನೆಂಟನೇ ಆಟಗಾರನೂ ಪಂದ್ಯ ಗೆಲ್ಲಿಸುತ್ತಾನೆ. ಡೊರೆನ್ಸ್ ಅವರ ಒಂದು ಪದ್ಧತಿ ಕದಿಯಲು ಯೋಗ್ಯ. ಪ್ರತಿ ಅಭ್ಯಾಸದಲ್ಲೂ ಯಾರು ಗೆದ್ದರು, ಯಾರು ಸೋತರು ಅಂತ ಬರೆದಿಟ್ಟು ರ‍್ಯಾಂಕ್ ಪಟ್ಟಿಯನ್ನು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದರು. ನನ್ನನ್ನು ಯಾಕೆ ಆಡಿಸಲಿಲ್ಲ ಅಂತ ಯಾರಾದರೂ ಬಂದರೆ ಉತ್ತರ ಗೋಡೆ ಮೇಲಿರುತ್ತದೆ.

ಹೆಡ್ ಕೋಚ್ ಹುದ್ದೆಯ ಸಂದರ್ಶನಕ್ಕೆ ಕರೆದಾಗ ನೀವೂ ಪ್ರಶ್ನೆ ಕೇಳಿ. ಸ್ಕಾಲರ್‌ಶಿಪ್‌ಗೆ ನಿಜವಾಗಿ ಎಷ್ಟು ಹಣ ಇದೆ, ಅಡ್ಮಿಶನ್ ಆಫೀಸ್ ಎಷ್ಟು ಸಹಕರಿಸುತ್ತದೆ, ಅಸಿಸ್ಟೆಂಟ್‌ಗಳ ಸಂಬಳ ಎಷ್ಟು, ಹಿಂದಿನ ಕೋಚ್ ಯಾಕೆ ಬಿಟ್ಟರು. ತಂಡದ ಎಪಿಆರ್ ಅಂಕವನ್ನೂ ಕೇಳಿ. ಅದು ಆಟಗಾರರ ಓದಿನ ಲೆಕ್ಕ, 930ಕ್ಕಿಂತ ಕೆಳಗಿದ್ದರೆ ಇನ್ನೊಬ್ಬರು ಮಾಡಿದ ಗೋಜಲಿಗೆ ದಂಡ ನೀವು ತೆರಬೇಕು. ಕೊನೆಗೆ, ಎಷ್ಟು ವರ್ಷ ಸಮಯ ಕೊಡುತ್ತೀರಿ ಅಂತ ಬಾಯಿಬಿಟ್ಟು ಕೇಳಿ. ಇಂಡಿಯಾನಾದಲ್ಲಿ ಜೆರಿ ಯೇಗ್ಲಿ 1963ರಲ್ಲಿ ಕ್ಲಬ್ ತಂಡ ಹಿಡಿದರು. ಅದು ಕಾಲೇಜಿನ ಅಧಿಕೃತ ತಂಡ ಆಗಿದ್ದು 1973ರಲ್ಲಿ, ಮೊದಲ ಪ್ರಶಸ್ತಿ ಬಂದಿದ್ದು 1982ರಲ್ಲಿ. ಈಗ ಅಷ್ಟು ಕಾಯುವವರು ಯಾರೂ ಇಲ್ಲ.

ಗೆಲ್ಲಲು ಶುರು ಮಾಡಿದರೆ ದೊಡ್ಡ ಕಾಲೇಜು ಕರೆಯುತ್ತದೆ, ಕೆಲವೊಮ್ಮೆ ಪ್ರೊಫೆಷನಲ್ ಕ್ಲಬ್ ಕೂಡ. ವರ್ಜೀನಿಯಾದಲ್ಲಿ ಐದು ಪ್ರಶಸ್ತಿ ಗೆದ್ದ ಬ್ರೂಸ್ ಅರೀನಾ ಡಿಸಿ ಯುನೈಟೆಡ್‌ಗೆ ಹೋಗಿ, ಅಲ್ಲಿಂದ ಅಮೆರಿಕದ ರಾಷ್ಟ್ರೀಯ ತಂಡದ ಕೋಚ್ ಆದರು. ಹೋಗುವುದರಲ್ಲಿ ತಪ್ಪೇನಿಲ್ಲ. ಆದರೆ ಅಪ್ಪ ಅಮ್ಮನ ಎದುರು ಕೂತು, ನಿಮ್ಮ ಮಗನನ್ನು ನಾನು ನೋಡಿಕೊಳ್ಳುತ್ತೇನೆ ಅಂತ ಹೇಳಿ ಕರೆತಂದವರು ನೀವೇ. ಹಾಗಾಗಿ ಸುದ್ದಿ ಫೋನಿನಲ್ಲಿ ಬರುವ ಮೊದಲು ಲಾಕರ್ ರೂಮಿಗೆ ಹೋಗಿ ನೀವೇ ಹೇಳಿ, ಅವರು ಏನು ಕೇಳಿದರೂ ಎದ್ದು ಹೋಗದೆ ಕೂತು ಉತ್ತರ ಕೊಡಿ.