ಮಳೆಗಾಲಕ್ಕೆ ಎರಡೇ ಹೊಸ ಟೈರು ಹಾಕಿಸುವವರ ಗಮನಕ್ಕೆ

ಮಳೆ ಹಿಡಿಯುವ ಮೊದಲು ಸಣ್ಣ ಕಾರಿಗೆ ಎರಡು ಟೈರು ಮಾತ್ರ ಬದಲಿಸುವವರು, ಎಂಜಿನ್ ಎಳೆಯುವುದು ಮುಂದಿನ ಚಕ್ರಗಳಿಂದಲೇ ಆದ್ದರಿಂದ ಹೊಸತನ್ನು ಮುಂದಕ್ಕೇ ಹಾಕಿಸಬೇಕೆಂದು ಭಾವಿಸುತ್ತಾರೆ. ನಾನೂ ಹಾಗೆಯೇ ಮಾಡಿಸಿದ್ದೆ. ಸಂಪಾಜೆ ಘಾಟಿಯ ಇಳಿಜಾರಿನ ತಿರುವೊಂದರಲ್ಲಿ ನೀರು ಹರಿಯುತ್ತಿದ್ದಾಗ ಮುಂಭಾಗ ರಸ್ತೆಯನ್ನು ಕಚ್ಚಿಕೊಂಡಿತು, ಆದರೆ ಸವೆದ ಹಿಂದಿನ ಚಕ್ರಗಳು ಪಕ್ಕಕ್ಕೆ ಜಾರಿ ಕಾರು ಅರ್ಧ ತಿರುಗಿ ನಿಂತಿತು. ಮುಂದಿನ ಚಕ್ರ ಜಾರಿದರೆ ಆಕ್ಸಿಲರೇಟರ್ ಬಿಟ್ಟು ಸರಿಪಡಿಸಿಕೊಳ್ಳಲು ಸ್ವಲ್ಪವಾದರೂ ಅವಕಾಶವಿರುತ್ತದೆ. ಹಿಂಭಾಗ ಜಾರಿದರೆ ಬಹುತೇಕರಿಗೆ ಅದು ಸಿಗುವುದಿಲ್ಲ. ಆದ್ದರಿಂದ ಹೊಸ ಜೋಡಿ ಹಿಂದಕ್ಕೇ ಇರಲಿ. ಸಾಧ್ಯವಿದ್ದರೆ ನಾಲ್ಕನ್ನೂ ಒಟ್ಟಿಗೆ ಬದಲಿಸುವುದು ಇನ್ನೂ ಉತ್ತಮ.

ಟೈರಿನ ಮೇಲ್ಮೈಯ ತೋಡುಗಳ ಒಳಗೆ ಕಾಣುವ ಸಣ್ಣ ರಬ್ಬರ್ ದಿಬ್ಬಗಳು 1.6 ಮಿ.ಮೀ. ಆಳ ಮಾತ್ರ ಉಳಿದ ಮಟ್ಟವನ್ನು ತೋರಿಸುತ್ತವೆ. ಸವೆತ ಅಲ್ಲಿಗೆ ತಲುಪುವವರೆಗೆ ಕಾಯಬೇಡಿ. ನಮ್ಮ ಮಳೆಗೆ 3 ಮಿ.ಮೀ. ಉಳಿದಿರುವಾಗಲೇ ಬದಲಿಸುವುದು ಲೇಸು, ಏಕೆಂದರೆ ನೀರನ್ನು ಹೊರಕ್ಕೆ ತಳ್ಳುವುದು ಆ ತೋಡುಗಳೇ.

ಕೊಳ್ಳುವಾಗ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನು ಓದಿ: 1425 ಎಂದಿದ್ದರೆ 2025ರ 14ನೇ ವಾರದಲ್ಲಿ ತಯಾರಾದದ್ದು. ಹಳೆಯ ದಾಸ್ತಾನನ್ನು ನಯವಾಗಿ ನಿರಾಕರಿಸಿ.

ತೋಟದ ಕೆಸರು ದಾರಿಗೆಂದು ದೊಡ್ಡ ಕಚ್ಚಿನ ಟೈರು ಕೇಳುವವರಿದ್ದಾರೆ. ದಿನವೂ ಓಡಾಡುವುದು ಡಾಂಬರಿನ ಮೇಲಾದರೆ ಅದು ಬೇಡ. ಒದ್ದೆ ಡಾಂಬರಿನಲ್ಲಿ ಬ್ರೇಕ್ ಹಿಡಿತ ಕಡಿಮೆ. ಗಾಳಿಯ ಒತ್ತಡವನ್ನು ಬೆಳಿಗ್ಗೆ, ಕಾರು ಹೊರಡುವ ಮೊದಲೇ, ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವಷ್ಟೇ ಇಡಿ.